ಯಾಕೆ ಬಂದ್ರಿ ಎಂದು ಕೇಳದ ಮನೆ

ವಿದೇಶದವರು ಮನೆಯಲ್ಲಿ ತಂಗಿದರೆ ಪೊಲೀಸರಿಗೆ ಒಂದು ಫಾರ್ಮ್ ತುಂಬಿ ಕಳಿಸಬೇಕು. ಅದರಲ್ಲಿ 'ಬಂದ ಕಾರಣ' ಎಂದೊಂದು ಕಾಲಂ ಇದೆ. ಅದನ್ನು ಕಂಡರೆ ನನಗೆ ಈಗಲೂ ಹೆದರಿಕೆ. ಮೊದಲೇ ನಾನು ಪುಕ್ಕಲಿ.

ಕನ್ನಡವಾಡಿದರೂ ತಮಿಳುನಾಡಿಗೆ ಸೇರಿದ ಗಡಿಯ ಊರು ಗೆಟ್ಟವಾಡಿಯ ನಮ್ಮ ಮನೆಯಲ್ಲಿ, ಬಂದವರನ್ನು ಯಾವಾಗ ಬಂದ್ರಿ ಎನ್ನಬಹುದು, ಊಟ ಆಯ್ತಾ ಎನ್ನಬಹುದು. ಯಾಕೆ ಬಂದ್ರಿ ಎನ್ನುವಂತಿಲ್ಲ. ಮದುವೆಯಾದ ಹೊಸದರಲ್ಲಿ ಬಾಯಿ ತಪ್ಪಿ ಒಮ್ಮೆ ಕೇಳಿದಾಗ ಅತ್ತೆ ನನ್ನನ್ನು ಒಳಗೆ ಕರೆದು, "ಒಸ್ಲು ತುಳ್ದೋರ್ನ ಯಾಕ್ ಬಂದ್ರಿ ಅನ್ಬಾರ್ದು ಕಣಮ್ಮಿ. ಎದ್ದೋಗಿ ಅಂದಂಗಾಯ್ತದೆ" ಎಂದಿದ್ದರು. ಹಾಗಾಗಿ ಹೊಲದ ಅಂಚಿಗೆ ಎರಡು ರೂಮು ಕಟ್ಟಿಸಿ ಬಾಡಿಗೆಗೆ ಕೊಡಲು ಶುರುಮಾಡಿದ ಮೇಲೂ ನಾವು ಕೇಳುತ್ತಿರಲಿಲ್ಲ. ಅವರೇ ಹೇಳುತ್ತಿದ್ದರು. ಮೊದಮೊದಲು ಬಂದವರಿಗೆಲ್ಲ ಆನೆ ಬೇಕಿತ್ತು. ಆನೆ ಬಾರದಿರಲೆಂದು ರಾತ್ರಿಯೆಲ್ಲ ತಮಟೆ ಬಡಿಯುವ ನಾವು, ಆನೆ ನೋಡಲೆಂದೇ ಸಮುದ್ರ ದಾಟಿ ಬಂದವರನ್ನು ಕಂಡು ಮುಸಿಮುಸಿ ನಗುತ್ತಿದ್ದೆವು. ಆಮೇಲೆ ದೊಡ್ಡ ಕ್ಯಾಮೆರಾದವರು ಬಂದರು, ದೀಪಾವಳಿ ಮುಗಿದ ಮೇಲೆ ಗುಮಟಾಪುರದ ಸಗಣಿ ಎರಚಾಟದ ಹಬ್ಬಕ್ಕೆ. ಕೊರೋನಾ ಕಳೆದ ಮೇಲೆ ಲ್ಯಾಪ್‌ಟಾಪ್ ಹಿಡಿದು ತಿಂಗಳುಗಟ್ಟಲೆ ಕೂರುವವರು. ಒಬ್ಬಾತನಂತೂ ರಾಗಿ ಕಳೆ ಕೀಳಲು ಕಲಿಯಬೇಕೆಂದು ಬಂದು ರಾಗಿಯನ್ನೇ ಕಿತ್ತುಹಾಕಿದ್ದ. ಯಾರು ಬಂದರೂ ಆ ಕಾಲಂನಲ್ಲಿ ನಾನು 'ಸುತ್ತಾಟ' ಎಂದೇ ಬರೆಯುತ್ತಿದ್ದೆ.

ಹೋದ ವರ್ಷ ಬಂದ ಹೆಂಗಸು ಏನನ್ನೂ ಹೇಳಲಿಲ್ಲ. ಐವತ್ತರ ಆಸುಪಾಸು, ಒಂಟಿ. ನಾವು ಮೊಬೈಲಿಗೆ ಹೇಳಿದ್ದನ್ನು ಅದು ಅವಳ ಭಾಷೆಗೆ ತಿರುಗಿಸುತ್ತಿತ್ತು, ಅವಳದನ್ನು ನಮ್ಮ ಭಾಷೆಗೆ. ಊಟ ಹಾಕುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಸಾರು ಖಾರವಾಯಿತೇನೋ ಎಂದು ನಾನು ಇನ್ನಷ್ಟು ತುಪ್ಪ ಹಾಕುತ್ತಿದ್ದೆ.

ಆರನೆಯ ದಿನ ಬೆಳಿಗ್ಗೆ ಹೊರಗೆ ಹೋದವಳು ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಮೊಬೈಲು ರೂಮಿನಲ್ಲೇ ಇತ್ತು. ಮೂರು ಗಂಟೆಯ ಹೊತ್ತಿಗೆ ಯಜಮಾನರನ್ನು ಹೊಲದಿಂದ ಕೂಗಿ ಕರೆದೆ. ಹಿಂದಿನ ವಾರವಷ್ಟೇ ಒಂಟಿ ಸಲಗವೊಂದು ಕಾಡಂಚಿನಲ್ಲಿ ಒಬ್ಬರನ್ನು ಅಟ್ಟಿಸಿಕೊಂಡು ಹೋಗಿತ್ತು. ಯಜಮಾನರು ಬೈಕ್ ತೆಗೆದು ನಿಂತರು.

"ಯಾವ್ ಕಡೀಕ್ ಓಗ್ಲಿ? ಆನೆ ನೋಡಕ್ ಬಂದಿದ್ಲಾ, ಗುಡಿ ನೋಡಕ್ ಬಂದಿದ್ಲಾ? ಯಾಕ್ ಬಂದಿದ್ಲು ಅಂತಾದ್ರೂ ಏಳು."

ನನಗೆ ಗೊತ್ತಿರಲಿಲ್ಲ. ಪೊಲೀಸ್ ಠಾಣೆಗೆ ಫೋನ್ ಮಾಡಿದರೆ ಅವರೂ ತಮಿಳಿನಲ್ಲಿ ಮೊದಲು ಕೇಳಿದ್ದು ಅದನ್ನೇ, "ಎದುಕ್ಕು ವಂದಾಂಗ?" ಸುತ್ತಾಟಕ್ಕೆ ಎಂದೆ. ಎಲ್ಲಿ ಸುತ್ತಲು ಎಂದರು. ನಾಚಿಕೆಯಿಂದ ಸತ್ತೇಹೋದೆ. ಐದು ದಿನ ನನ್ನ ಕೈಯಲ್ಲಿ ಉಂಡವಳ ಬಗ್ಗೆ ನನಗೆ ತಿಳಿದದ್ದು ಪಾಸ್‌ಪೋರ್ಟಿನಲ್ಲಿ ಬರೆದಿದ್ದಷ್ಟೇ.

ಯಜಮಾನರು ಕಾಡಂಚನ್ನೆಲ್ಲ ಸುತ್ತಿ ಬರಿಗೈಲಿ ಬಂದರು. ಅಷ್ಟರಲ್ಲಿ ಚಾಮರಾಜನಗರದ ಸಂತೆಯಿಂದ ಹಿಂತಿರುಗಿದ ಪಕ್ಕದ ಮನೆಯವಳು ಬುಟ್ಟಿ ಇಳಿಸಿ, "ನಿಮ್ ಬಿಳೀ ಅಮ್ಮ ಗಡಿ ತಾವ ಬಸ್ ಸ್ಟಾಂಡಲ್ಲಿ ಕೂತವ್ಳೆ ಕಣಕ್ಕ. ಬೆಳಿಗ್ಗೆ ನಾ ಓಗೋವಾಗ್ಲೂ ಅಲ್ಲೇ ಇದ್ಲು" ಎಂದಳು.

"ಒಂದ್ ಮಾತ್ ಕೇಳದಲ್ವಾ?" ಎಂದು ರೇಗಿದೆ.

"ಯಾಕ್ ಕೂತಿದ್ದೀಯ ಅಂತ ಎಂಗ್ ಕೇಳದು?"

ಅವಳನ್ನು ಬೈಯಲು ನನಗೆ ಯಾವ ಮುಖವಿತ್ತು?

ರೂಮಿನಲ್ಲಿದ್ದ ಆ ಹೆಂಗಸಿನ ಮೊಬೈಲು ಹಿಡಿದು ಬಸ್ ಸ್ಟಾಂಡಿಗೆ ಓಡಿದೆ. ಸಿಮೆಂಟ್ ಬೆಂಚಿನ ಮೇಲೆ ಕೈಚೀಲ ತಬ್ಬಿ ಕೂತಿದ್ದಳು. ಸಿಟ್ಟು, ಸಮಾಧಾನ ಎರಡೂ ಒಟ್ಟಿಗೇ ಬಂದು ನನಗೆ ಅಳು ಬಂತು. ಪಕ್ಕದಲ್ಲಿ ಕೂತು ಮೊಬೈಲಿಗೆ ಹೇಳಿದೆ: "ನೀವು ಯಾಕೆ ಬಂದ್ರಿ?"

ಅವಳ ಉತ್ತರವನ್ನು ಮೊಬೈಲು ತಡವರಿಸುತ್ತ ಓದಿತು. ಅವಳ ಎದೆಯಲ್ಲಿ ಗಂಟಾಗಿತ್ತು. ಅವಳ ಊರಲ್ಲಾದರೆ ಸರದಿಗಾಗಿ ತಿಂಗಳುಗಟ್ಟಲೆ ಕಾಯಬೇಕು, ಅದಕ್ಕೇ ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಗೊತ್ತು ಮಾಡಿಕೊಂಡು ಬಂದಿದ್ದಳು. ಅದಕ್ಕೆ ಮುಂಚೆ ನಾಲ್ಕು ದಿನ ನೆಮ್ಮದಿಯಾಗಿರಲೆಂದು ನಮ್ಮ ರೂಮು ಹಿಡಿದಿದ್ದಳು. ಅವತ್ತು ಮೊದಲ ಪರೀಕ್ಷೆ. ಭಯಕ್ಕೆ ಬಂದ ಬಸ್ಸನ್ನೆಲ್ಲ ಬಿಟ್ಟು ಅಲ್ಲೇ ಕೂತಿದ್ದಳು. "ನೀವು ಕೇಳುತ್ತೀರಿ ಎಂದು ದಿನಾ ಕಾದೆ. ಯಾರೂ ಕೇಳಲಿಲ್ಲ. ನಾನು ಬಂದದ್ದು ನಿಮಗೆ ಇಷ್ಟವಿಲ್ಲ ಎಂದುಕೊಂಡೆ."

ನಮ್ಮ ಮರ್ಯಾದೆ ಅವಳ ಪಾಲಿಗೆ ಮುಚ್ಚಿದ ಬಾಗಿಲಾಗಿತ್ತು. ಅವಳ ಕೈ ಹಿಡಿದುಕೊಂಡೆ. ಆಗ ಅವಳು, ಆಸ್ಪತ್ರೆಯವರು ಹತ್ತಿರದವರ ನಂಬರ್ ಕೇಳಿದ್ದಾರೆ, ನಿಮ್ಮದು ಕೊಡಲೇ ಎಂದಳು.

ಕೊಡು ಎಂದೆ. ಮಾರನೆಯ ದಿನ ಬಸ್ಸಿನಲ್ಲಿ ಜೊತೆಗೆ ಹೋಗಿ ಸೇರಿಸಿ ಬಂದೆ. ಆಪರೇಷನ್ ದಿನ ಫೋನನ್ನು ಮಡಿಲಲ್ಲಿಟ್ಟುಕೊಂಡೇ ಅವರೆಕಾಯಿ ಸುಲಿದೆ, ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸಕ್ಕೂ ಹಾಕುತ್ತ. ಸಂಜೆ ಫೋನ್ ಬಂತು. ನೀವು ಅವರಿಗೆ ಏನಾಗಬೇಕು ಎಂದು ನರ್ಸ್ ಕೇಳಿದಳು. ಅವಳಿಗೇನಾಯ್ತು ಎಂದು ನಾನೇ ತಿರುಗಿ ಕೇಳಿದೆ.

"ಹೆದರ್ಕೋಬೇಡಿ, ಎಚ್ಚರ ಆಗಿದೆ. ಎದ್ದಾಗಿಂದ ಬೇರೆ ಯಾರ ಹೆಸರೂ ಹೇಳ್ತಿಲ್ಲ, ನಿಮ್ಮದೊಂದೇ" ಎಂದಳು.