ಸುಂಕಲಮ್ಮ ಹೊಲಿಸಿದ ಯೂನಿಫಾರಂ

ಗಂಡ ಸತ್ತ ಮೇಲೆ ಸುಂಕಲಮ್ಮನಿಗೆ ಸಿಟ್ಟು ಜಾಸ್ತಿಯಾಯಿತು. ಸಿಟ್ಟೆಲ್ಲ ಸತ್ತವನ ಮೇಲೇ. ರೇಷನ್ ಕಾರ್ಡು, ಪಹಣಿ, ಏನೇ ಇರಲಿ, ಜಗಳೂರಿನ ಕಚೇರಿ ಸುತ್ತುತ್ತಿದ್ದವನು ಜಯಪ್ಪ. ಇವಳು ಒಂದು ಕಚೇರಿಯ ಮೆಟ್ಟಿಲೂ ಹತ್ತಿದವಳಲ್ಲ. ಈಗ ಬಸ್ಸು ಹತ್ತುವಾಗಲೆಲ್ಲ, "ಆರಾಮಾಗಿ ಹೋಗಿ ಮಲಗ್ಯಾನೆ, ಇವ್ಳ ಕಾಲು ಸವೀಲಿ ಅಂತ" ಎಂದು ಬೈಯುತ್ತಾಳೆ. ಯಾರನ್ನಮ್ಮ ಬೈಯೋದು ಎಂದು ಕಂಡಕ್ಟರು ಕೇಳಿದರೆ ಸೀಟಿನಲ್ಲಿ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾಳೆ.

ಮಗ ಪರಶುರಾಮ್ ಮಿಲಿಟರಿಯಲ್ಲಿದ್ದಾನೆ. ಹೆಂಡತಿ, ಮಗಳ ಜೊತೆ ಝಾನ್ಸಿಯಲ್ಲಿದ್ದವನನ್ನು ಆಗಸ್ಟಿನಲ್ಲಿ ಗಡಿಗೆ ಹಾಕಿದರು. ಅಲ್ಲಿಗೆ ಸಂಸಾರ ಕರೆದುಕೊಂಡು ಹೋಗುವ ಹಾಗಿಲ್ಲ. ಸೊಸೆ ಅಂಬಿಕಾ ಮಗಳು ಅರ್ಪಿತಾಳನ್ನು ಊರಿಗೆ ತಂದು ಬಿಟ್ಟು, ಕ್ವಾರ್ಟರ್ಸ್ ಖಾಲಿ ಮಾಡಲು ವಾಪಸು ಹೋದಳು. "ಅತ್ತೆ, ಆರನೇ ಕ್ಲಾಸಿಗೆ ಸೇರಿಸಿಬಿಡ್ರಿ" ಅಂದಳು, ಹಾಲು ಕಾಯಿಸಿಡ್ರಿ ಅಂದಷ್ಟೇ ಸಲೀಸಾಗಿ.

ಹುಡುಗಿಗೆ ಜ್ವರ. ಸುಂಕಲಮ್ಮ ಒಬ್ಬಳೇ ಕಾಗದ ಹಿಡಿದು ಊರಿನ ಸರ್ಕಾರಿ ಶಾಲೆಗೆ ಹೋದಳು. ಹೆಡ್‌ಮಾಸ್ತರ್ ಮರುಳಸಿದ್ದಪ್ಪನವರು ಟಿ.ಸಿ.ಯನ್ನು ಹಿಂದೆ ಮುಂದೆ ತಿರುಗಿಸಿದರು.

"ಇದು ಹಿಂದಿಯಾಗೈತಲ್ಲಮ್ಮ."

"ಮಿಲಿಟರಿ ಸ್ಕೂಲು ಸಾರ್. ಕನ್ನಡದಾಗೆ ಬರ್ಕೊಡ್ರಿ ಅಂದ್ರೆ ಕೊಡ್ತಾರಾ?"

"ಆ ಕಡೆ ಶಿಕ್ಷಣ ಇಲಾಖೆ ಸಾಹೇಬ್ರ ಸೀಲಿಲ್ಲ. ಕಂಪ್ಯೂಟರ್ ಕೇಳೋ ನಂಬರೂ ಇಲ್ಲ. ಹುಡುಗಿಗೆ ಕನ್ನಡ ಓದಾಕೆ ಬರ್ತೈತಾ?"

"ಮಾತಾಡ್ತಾಳೆ."

"ಮಾತು ನಮ್ಮನೆ ಗಿಳಿನೂ ಆಡ್ತೈತೆ. ಸೀಲು ಹಾಕಿಸ್ಕೊಂಡು ಬರ್ರಿ. ಆಮೇಲೂ ಮೂರನೇ ಕ್ಲಾಸೇ. ಅಕ್ಷರ ಕಲೀಲಿ."

"ಝಾನ್ಸಿ ಎಲ್ಲೈತೆ ಗೊತ್ತಾ ಸಾರ್?"

"ನಂಗ್ಯಾಕಮ್ಮ ಅದು?"

ಮನೆಗೆ ಬಂದು ಹೇಳಿದಾಗ ಅರ್ಪಿತಾ ಗೋಡೆ ಕಡೆ ತಿರುಗಿ ಮಲಗಿದಳು. "ಆ ಚಿಕ್ಕ ಮಕ್ಳ ಜೊತೆ ಕೂರಲ್ಲ. ಸ್ಕೂಲಿಗೇ ಹೋಗಲ್ಲ." ಊಟವನ್ನೂ ಬಿಟ್ಟಳು. ಅಪ್ಪನಿಗೆ ವರ್ಗವಾದಾಗಲೆಲ್ಲ ಅವಳ ಊರು ಹೋಗಿತ್ತು, ಶಾಲೆ ಹೋಗಿತ್ತು, ಗೆಳತಿಯರು ಹೋಗಿದ್ದರು. ತರಗತಿ ಒಂದು ಉಳಿದಿತ್ತು. ಈಗ ಅದಕ್ಕೂ ಕೈ ಹಾಕಿದ್ದರು.

ಸುಂಕಲಮ್ಮನಿಗೆ ಶಾಲೆ ಗೊತ್ತಿಲ್ಲ, ಕುರಿ ಗೊತ್ತು. ಸಂತೆಯಿಂದ ತಂದ ಕುರಿಯನ್ನು ಹಿಂಡಿಗೆ ಸೇರಿಸಲು ಯಾರ ಅಪ್ಪಣೆಯೂ ಬೇಡ. ಅದರ ಬೆನ್ನಿಗೆ ತಮ್ಮ ಹಿಂಡಿನ ಬಣ್ಣ ಬಳಿದು, ಕುರಿಗಳು ಹಟ್ಟಿಗೆ ನುಗ್ಗುವಾಗ ನಡುವೆ ತಳ್ಳಿದರಾಯಿತು. ಬೆಳಗಾದರೆ ಅದೂ ತಮ್ಮದೇ.

ಜಗಳೂರಿಗೆ ಹೋದಳು. ಅಳತೆಗೆ ಹಳೇ ಫ್ರಾಕು ಕೊಟ್ಟು, "ಸ್ಕೂಲ್ ಬಟ್ಟೆ ಹೊಲಿಯಪ್ಪ" ಎಂದಳು. ದರ್ಜಿ ಓಬಣ್ಣ ಯಾವ ಸ್ಕೂಲು ಎಂದು ಕೇಳಲಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ಬಟ್ಟೆ ಸರ್ಕಾರವೇ ಕೊಡುತ್ತದೆ. ಅವರು ಅದನ್ನು ಹಿಡಿದುಕೊಂಡೇ ಬರುತ್ತಾರೆ. ಬಟ್ಟೆ ತರದೆ ಬಂದವಳು ಕಾನ್ವೆಂಟಿನ ಕಡೆಯವಳೇ ಎಂದುಕೊಂಡು ಕೆಂಪು ಚೌಕಳಿಯದ್ದು ಹೊಲಿದುಕೊಟ್ಟ. ಊರ ಮಕ್ಕಳದ್ದು ನೀಲಿ. ಆರನೇ ಕ್ಲಾಸಿಗೆ ಬೇರೆ ಬಣ್ಣವಿರಬೇಕು ಎಂದುಕೊಂಡಳು ಸುಂಕಲಮ್ಮ.

ಸೋಮವಾರ ಮಕ್ಕಳು ಪ್ರಾರ್ಥನೆಗೆ ಸಾಲು ನಿಲ್ಲುವಾಗ ಮೊಮ್ಮಗಳನ್ನು ಗೇಟಿನೊಳಗೆ ತಳ್ಳಿ, ಹೊರಗೆ ಬೇವಿನ ಮರದ ಹಿಂದೆ ನಿಂತಳು. ಅಷ್ಟೂ ನೀಲಿಯ ನಡುವೆ ಒಂದೇ ಒಂದು ಕೆಂಪು. "ಥೂ, ನನ್ನ ಬುದ್ಧಿಗಿಷ್ಟು" ಅಂದಳು.

ಮರುಳಸಿದ್ದಪ್ಪನವರ ಮುಖ ಮಾತ್ರ ಅರಳಿತು. ಆ ಚೌಕಳಿ ಅವರಿಗೆ ಗೊತ್ತು. ದಿನಾ ಬೆಳಿಗ್ಗೆ ಜಗಳೂರಿನಿಂದ ಹಳದಿ ವ್ಯಾನು ಬಂದು ಊರಿನ ಮಕ್ಕಳನ್ನು ತುಂಬಿಕೊಂಡು ಹೋಗುವುದು ಆ ಚೌಕಳಿಯ ಶಾಲೆಗೇ. ಹಾಗೆ ಹೋದ ಮಗು ಯಾವುದೂ ಅವರ ಶಾಲೆಗೆ ತಿರುಗಿ ಬಂದಿರಲಿಲ್ಲ.

"ಕಾನ್ವೆಂಟ್ ಬಿಟ್ಟು ಬಂದ್ಯಾ ಪುಟ್ಟಿ? ಯಾವ ಕ್ಲಾಸು?"

"ಜೀ ಸರ್. ಆರನೇದು."

"ಜೀ ಅಂತೆ! ಕನ್ನಡಾನ ಕೊಂದೇ ಹಾಕ್ಯಾರೆ ಆ ಕಾನ್ವೆಂಟಿನೋರು" ಎಂದು ಖುಷಿಯಿಂದ ಬೈದರು. ಅಪ್ಪ ಯಾರು, ಅಮ್ಮ ಯಾರು ಎಂದು ಕೇಳುವ ಪುರುಸೊತ್ತೂ ಇರಲಿಲ್ಲ. ಹುಡುಗಿಯ ಕೈಗೊಂದು ಗುಲಾಬಿ ಕೊಟ್ಟು ಫೋಟೋ ತೆಗೆದರು. 'ಖಾಸಗಿ ಶಾಲೆ ತೊರೆದು ನಮ್ಮ ಶಾಲೆಯ ಆರನೇ ತರಗತಿಗೆ' ಎಂದು ಬರೆದು ತಾಲ್ಲೂಕಿನ ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಹಾಕಿದರು. ತಾಲ್ಲೂಕಿನ ಶಿಕ್ಷಣಾಧಿಕಾರಿ ಸಾಹೇಬರು ಭೇಷ್ ಎಂದು ಕೊಟ್ಟ ಉತ್ತರವನ್ನು ಮಕ್ಕಳೆದುರು ಓದಿದರು. ಊಟದ ಹೊತ್ತಿಗೆ ಮಕ್ಕಳು ಗೇಟಿನ ಹತ್ತಿರ ಓಡಿಬಂದು ಸುಂಕಲಮ್ಮನಿಗೆ ಇದನ್ನೆಲ್ಲ ವರದಿ ಮಾಡಿದರು.

ಸಂಜೆ ಬೆಲ್ಲು ಹೊಡೆದ ಮೇಲೆ ಅವಳು ಒಳಗೆ ಹೋದಳು. ಅವಳ ಸೆರಗು ಹಿಡಿದು ನಿಂತ ಹುಡುಗಿಯನ್ನು ಕಂಡು ಹೆಡ್‌ಮಾಸ್ತರರ ನಗು ಇಳಿಯಿತು.

"ಇವ್ಳು ಆ ಝಾನ್ಸಿ ಹುಡುಗೀನಾ? ಮೋಸ ಮಾಡಿದ್ಯಲ್ಲಮ್ಮ!"

"ನಾನೇನಂದೆ ಸಾರ್? ಹೂ ಕೊಟ್ಟೋರು ನೀವು."

"ನಾಳೆಯಿಂದ ಮೂರನೇ ಕ್ಲಾಸು."

"ಕೂರಿಸ್ರಿ. ಹಂಗೇ ಸಾಹೇಬ್ರಿಗೂ ಹೇಳ್ಬಿಡ್ರಿ, ಇದು ಕಾನ್ವೆಂಟಿಂದಲ್ಲ, ಮಿಲಿಟರೀದು, ತಪ್ಪಾಗಿ ಫೋಟೋ ಹಾಕ್ದೆ ಅಂತ."

ಮರುಳಸಿದ್ದಪ್ಪನವರು ಫೋನು ತೆಗೆದು ಆ 'ಭೇಷ್' ಅನ್ನು ಇನ್ನೊಮ್ಮೆ ನೋಡಿದರು. ಜೇಬಿಗಿಟ್ಟರು.

"ಆರನೇದ್ರಾಗೇ ಇರ್ಲಿ. ಸೀಲಿನ ಕಾಗದ ಬಂದಾಗ ಬರ್ಲಿ. ಅಕ್ಷರ ನಾನೇ ಹೇಳ್ಕೊಡ್ತೀನಿ." ದನಿ ತಗ್ಗಿಸಿದರು. "ನೀಲಿ ಬಟ್ಟೆ ಈಗ್ಲೇ ಹಾಕ್ಬ್ಯಾಡ್ರಿ. ಗುರುವಾರ ಸಾಹೇಬ್ರು ನೋಡಾಕೆ ಬರ್ತಾರೆ."

ದಾರಿಯಲ್ಲಿ ಅರ್ಪಿತಾ ಅಜ್ಜಿಯ ಸೆರಗು ಬಿಟ್ಟು ಮುಂದೆ ನಡೆದಳು.

"ಅಜ್ಜಿ, ನಾಳೆ ಮರದ ಹಿಂದೆ ನಿಂತ್ಕೋಬ್ಯಾಡ."

"ಯಾಕೇ?"

"ನಮ್ಮ ಕ್ಲಾಸಿನೋರು ನಗ್ತಾರೆ."

"ನಗ್ಲಿ ಬಿಡೇ" ಎಂದಳು ಸುಂಕಲಮ್ಮ. ಮಾರನೇ ದಿನವೂ ಹೋದಳು. ಗೇಟಿನವರೆಗೆ ಮಾತ್ರ ಹೋಗಲಿಲ್ಲ.