ನಾಲಿಗೆ ಉಜ್ಜಬೇಡಿ ಎನ್ನುವ ಅಂಬುಜಾ

ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಜುಲೈ ತಿಂಗಳ ಬೆಳಗಿನ ಆರು ಗಂಟೆ. ಸೀರೆ ಅಂಗಡಿಗಳ ಷಟರ್ ಇನ್ನೂ ಮೇಲೆದ್ದಿಲ್ಲ. ಅವುಗಳ ನಡುವಿನ ಪುಟ್ಟ ಚೀನೀ ಚಿಕಿತ್ಸಾಲಯದಲ್ಲಿ ಅಂಬುಜಾ ಹಂಚಿನಮನಿ ಆಗಲೇ ಫೋನ್ ಹಿಡಿದಿದ್ದಾರೆ. "ನಾಲಿಗಿ ತಿಕ್ಕಬ್ಯಾಡ್ರಿ. ಹಲ್ಲಷ್ಟ ತಿಕ್ಕೊಂಡು ಬರ್ರಿ."

ನಗಬೇಡಿ, ಇದೇ ಅವರ ಕೆಲಸ. ಅಕ್ಯುಪಂಕ್ಚರ್ ಸೂಜಿ ಹಾಕುವ ವೈದ್ಯೆ ಲಿನ್ ಮೊದಲು ನಾಡಿ ಹಿಡಿಯುತ್ತಾರೆ, ಆಮೇಲೆ ನಾಲಿಗೆ ನೋಡುತ್ತಾರೆ. ಅದರ ಮೇಲಿನ ಪದರ ಒಳಗಿನ ಸುದ್ದಿ ಹೇಳುತ್ತದೆ, ತುದಿ ಹೃದಯದ ಜಾಗ ಎಂಬುದು ಅವರ ಶಾಸ್ತ್ರ. ನಮ್ಮವರೋ ಬೆಳಗೆದ್ದು ಟಂಗ್ ಕ್ಲೀನರ್‌ನಿಂದ ನಾಲಿಗೆ ಕೆರೆದು, ಲಕಲಕ ಹೊಳೆಸಿಕೊಂಡು ಬಂದು ಕೂರುತ್ತಾರೆ. ಲಿನ್ ಏನು ನೋಡಬೇಕು, ಪಾಪ! ಅದಕ್ಕೇ ಹನ್ನೊಂದು ವರ್ಷದಿಂದ ದಿನಕ್ಕೆ ಏಳೆಂಟು ಫೋನು.

ಧಾರವಾಡದ ಅಂಬುಜಾ ಮೊದಲು ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಹದಿನಾರು ವರ್ಷ ದುಡಿದವರು. ಬೆನ್ನು ಕೈಕೊಟ್ಟಾಗ ಲಿನ್ ಬಳಿ ರೋಗಿಯಾಗಿ ಬಂದರು, ಅಲ್ಲೇ ಉಳಿದರು. ಬಾಗಿಲು ತೆಗೆಯುವುದು, ಟವೆಲ್ ಒಗೆಯುವುದು, ಬೇರು, ಒಣಗಿದ ಹೂವು ತೂಗಿ ಪೊಟ್ಟಣ ಕಟ್ಟುವುದು ಎಲ್ಲ ಅವರದೇ.

ಬೇಸಿಗೆಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಲಿನ್ ಪ್ರಕಾರ ಬೇಸಿಗೆ ಬೆಂಕಿಯ ಕಾಲ, ಹೃದಯದ ಕಾಲ. ಸಂತೋಷ ಉಕ್ಕುವುದೂ ನಿದ್ದೆ ಕೆಡುವುದೂ ಆಗಲೇ. ಎದೆನೋವು ಎಂದವರನ್ನು ಮಾತ್ರ ಅಂಬುಜಾ ಒಳಗೇ ಬಿಡುವುದಿಲ್ಲ, ನೇರ ಆಸ್ಪತ್ರೆಗೆ ಅಟ್ಟುತ್ತಾರೆ.

ಈ ಜೂನ್‌ನಲ್ಲಿ ಮಗಳ ಬಲವಂತಕ್ಕೆ ಲಂಡನ್ನಿನ ಇನ್ನೊಂದು ತುದಿಯ ಪಿನ್ನರ್‌ನಿಂದ ಬಂದವರು ಮೈಸೂರಿನ ನರಸಿಂಹಮೂರ್ತಿ. ಸ್ವತಃ ನಿವೃತ್ತ ಹೃದಯತಜ್ಞರು. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಆದರೆ ನಿದ್ದೆಯಿಲ್ಲ, ಮಾತಿಲ್ಲ, ಊಟ ಸೇರದು. ಮೊದಲೆರಡು ಸಲವೂ ನಾಲಿಗೆ ಉಜ್ಜಿಕೊಂಡೇ ಬಂದರು. ಬೇಸತ್ತು ಮೂರನೆಯ ಸಲ ಬರದಿದ್ದರೆ ಈ ಮನುಷ್ಯ ಕೊರಗಿಯೇ ಹೋಗುತ್ತಾರೆ ಎಂದು ಅಂಬುಜಾಗೆ ಹೆದರಿಕೆ. ಮೂರನೆಯ ಸಲ ಬರಬೇಕಿದ್ದ ದಿನ ಅಂಬುಜಾ ಬೆಳಗಿನ ಐದೂವರೆಗೇ ಫೋನ್ ಮಾಡಿದರು. ಆಗಲೇ ಉಜ್ಜಿಯಾಗಿತ್ತು.

"ಮೂರು ಗಂಟೆಯಿಂದ ಎದ್ದೇ ಇದೀನಮ್ಮ," ಎಂದರು ಮೂರ್ತಿ. "ನಾಲಿಗೆ ಉಜ್ಜೋದು ಬಿಟ್ರೆ ನನಗಿನ್ನೇನು ಕೆಲಸ ಇದೆ?"

ಆಮೇಲೆ ಅತ್ತರು. ಅಂಬುಜಾ ಸಮಾಧಾನ ಹೇಳಲು ಹೋಗಲಿಲ್ಲ, ಫೋನನ್ನೂ ಇಡಲಿಲ್ಲ. ಅರ್ಧ ಗಂಟೆಯಾದ ಮೇಲೆ, ಉಜ್ಜಿದರೆ ಉಜ್ಜಿದಿರಿ, ಹಾಗೇ ಬನ್ನಿ, ಚಹಾ ಕುಡಿಯೋಣ ಎಂದರಂತೆ. ಕೇಳುವಾಗ ನನ್ನ ಕಣ್ಣೂ ತುಂಬಿತು.

ಈಗ ಮೂರ್ತಿಯವರು ವಾರಕ್ಕೊಮ್ಮೆ ಸೂಜಿಗೆ ಬರುತ್ತಾರೆ. ಅಪಾಯಿಂಟ್‌ಮೆಂಟ್ ಇಲ್ಲದ ದಿನವೂ ಟ್ಯೂಬ್ ರೈಲು ಹಿಡಿದು ಲಂಡನ್ನಿನ ಆ ತುದಿಯಿಂದ ಈ ತುದಿಗೆ ಬಂದು, ಕಾಯುವವರ ಜೊತೆ ಹರಟುತ್ತಾರೆ. ನಾನು ಹೋದ ದಿನ ಅಂಬುಜಾ ತಂದ ಅವಲಕ್ಕಿಗೆ ಖಾರ ಸಾಲದು ಎಂದು ತಕರಾರು ತೆಗೆಯುತ್ತಲೇ ಎರಡನೆಯ ಸಲ ಬಡಿಸಿಕೊಂಡರು. ರಾತ್ರಿ ಐದು ತಾಸು ನಿದ್ದೆ ಬರುತ್ತಿದೆಯಂತೆ.

ಅದು ಸೂಜಿಯ ಗುಣವೋ, ನಿಮ್ಮ ಅವಲಕ್ಕಿಯದೋ ಎಂದು ಕೆಣಕಿದೆ. ಅಂಬುಜಾ ಟವೆಲ್ ಮಡಚುವುದನ್ನು ನಿಲ್ಲಿಸಲಿಲ್ಲ.

"ಒಳಗಿನ ಖೋಲಿ ಲಿನ್ ಅವರದ್ರಿ. ಹೊರಗಿಂದು ನಂದು. ಇನ್ನೆರಡು ಕುರ್ಚಿ ಸಿಕ್ರ ಸಾಕು."