ನೀರಿಲ್ಲದ ಸಂಪಿನಲ್ಲಿ ಕರ್ಪೂರ

೨೦೨೪ನೆಯ ಇಸವಿ ಅಕ್ಟೋಬರ್ ೧೮, ಶುಕ್ರವಾರ. ಶರದೃತುವಾದರೂ ವಾರವಿಡೀ ಮಳೆ ಹಿಡಿದಿತ್ತು. ಅಂದು ಬೆಳಿಗ್ಗೆ ಮಳೆ ನಿಂತು, ಎಲೆಯೂ ಅಲುಗದಷ್ಟು ಗಾಳಿ ಸ್ತಬ್ಧವಾಗಿತ್ತು.

ಬಸವನಗುಡಿಯಲ್ಲಿ ಶ್ರೀನಿವಾಸಯ್ಯನವರು ಕಟ್ಟಿಸುತ್ತಿದ್ದ ಮನೆಗೆ ಓಕಳಿಪುರದ ಮುನಿಗಂಗಪ್ಪನವರು ಮೇಸ್ತ್ರಿ. ತರಕಾರಿ ವ್ಯಾಪಾರದ ಮನೆತನದಲ್ಲಿ ಹುಟ್ಟಿ, ಹದಿನಾರನೆಯ ವಯಸ್ಸಿಗೇ ಕರಣೆ ಹಿಡಿದವರು. ಅವರು ಕಟ್ಟಿದ ಪ್ರತಿ ಮನೆಯಲ್ಲಿಯೂ, ನೆಲದಡಿಯ ನೀರಿನ ತೊಟ್ಟಿಯಾದ ಸಂಪಿಗೆ ಮೊದಲ ನೀರು ಬಿಡುವ ಮುನ್ನ, ಅವರ ಪತ್ನಿ ಚಿಕ್ಕಮುನಿಯಮ್ಮ ಅದರ ತಳಕ್ಕಿಳಿದು ಗಂಗಮ್ಮನಿಗೆ ಕರ್ಪೂರ ಬೆಳಗುವುದು ಪದ್ಧತಿ.

ಆ ಸಂಪುಗಳಿಗೆಲ್ಲ ಬಳಿದಿದ್ದುದು ಬರೀ ಸಿಮೆಂಟು. ಈ ಸಂಪಿಗೆ, ನೀರು ಜಿನುಗದಿರಲೆಂದು, ಅಕ್ಟೋಬರ್ ೧೬ರಂದು ತಿನ್ನರ್ ಬೆರೆಸಿದ ಬಣ್ಣ ಬಳಿಸಲಾಗಿತ್ತು. ಮಳೆಗೆ ಬಣ್ಣ ಕೆಟ್ಟೀತೆಂದು ಮುನಿಗಂಗಪ್ಪನವರೇ ಮುಚ್ಚಳ ಹಾಕಿಸಿದ್ದರು. ಶುಕ್ರವಾರ ಅದನ್ನು ತೆಗೆಸಿದಾಗ ನಾತ ಮೂಗಿಗೆ ಬಡಿಯಿತು. ಆಮೇಲೆ ಅವರ ಕಾಲು ಒಂದೆಡೆ ನಿಲ್ಲಲಿಲ್ಲ. ಸಂಪಿನ ಬಾಯಿಗೆ ಬಗ್ಗುವರು, ಗೇಟಿನವರೆಗೆ ಹೋಗುವರು, ಮತ್ತೆ ಬಂದು ಬಗ್ಗುವರು.

"ವಾಸ್ನೆ ಹೋಗಿಲ್ಲ ಕಣೇ. ನಾಳಿಕ್ಕೆ ಇಟ್ಕೊಳ್ಳಣ."

"ಶುಕ್ರವಾರ ಬಿಟ್ಟು ನಾಳೆನಾ? ನಿಮ್ ಬಣ್ಣ ಒಣಗೋವರ್ಗೂ ಗಂಗಮ್ಮ ಕಾಯ್ತಾ ಕೂತಿರ್ತಾಳಾ?" ಎಂದರು ಚಿಕ್ಕಮುನಿಯಮ್ಮ.

ಶ್ರೀನಿವಾಸಯ್ಯನವರು ಗಡಿಯಾರ ನೋಡಿಕೊಂಡರು. "ಏನ್ರೀ ಮೇಸ್ತ್ರಿ, ಪೂಜೆಗೂ ಸಿಮೆಂಟಿನ ಹಾಗೆ ಕ್ಯೂರಿಂಗ್ ಆಗ್ಬೇಕಾ? ಹತ್ತೂವರೆಗೆ ರಾಹುಕಾಲ. ಟ್ಯಾಂಕರ್ ಬೇರೆ ಬಂದು ನಿಂತಿದೆ."

ಮುನಿಗಂಗಪ್ಪನವರು ಮತ್ತೊಮ್ಮೆ ಮೂಸಿದರು. ಸಂಪಿನ ಬಾಯಿಯ ಬಳಿ ನಾತ ಇಳಿದಿತ್ತು. "ಸರಿ, ಹೂವ ಕುಂಕ್ಮ ಇಟ್ಟು ಬಂದ್ಬಿಡು. ಬೆಂಕಿ ಮಾತ್ರ ಗೀರ್ಬೇಡ."

ಆಕೆ ಏಣಿಯಿಂದಿಳಿದು, ಅರಿಶಿನವಿಟ್ಟು, ಕ್ಷಣದಲ್ಲೇ ತಲೆ ಹಿಡಿದುಕೊಂಡು ಮೇಲೆ ಬಂದರು. "ಕಣ್ಣು ಕತ್ಲೆ ಬರುತ್ತೆ ಕಣ್ರೀ. ಆರತಿನೇ ಆಗ್ಲಿಲ್ಲ!" ಎಂದು ಕಣ್ಣೊರೆಸಿಕೊಂಡರು.

ಹೆಂಡತಿ ಮೇಲೆ ಬಂದದ್ದೇ ಮುನಿಗಂಗಪ್ಪನವರಿಗೆ ಧೈರ್ಯವಾಯಿತು. ಒಳಗೆ ಯಾರೂ ಇಲ್ಲದಿದ್ದರೆ ಅಪಾಯವೂ ಇಲ್ಲವೆಂದು ಭಾವಿಸಿದರು. "ಅಳ್ಬೇಡ ಸುಮ್ನಿರು, ನಾನೇ ಇಳಿಸ್ತೀನಿ" ಎಂದು, ತಟ್ಟೆಗೆ ಹಗ್ಗ ಕಟ್ಟಿ, ಕರ್ಪೂರ ಹಚ್ಚಿ, ಬಗ್ಗಿ ಇಳಿಬಿಟ್ಟರು. ಕಿಡಿ ಸೋಕಿದರೆ ಹೊತ್ತಿಕೊಳ್ಳುವ ತಿನ್ನರಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗಿರಲಿಲ್ಲ, ತಳದಲ್ಲಿ ಮಡುಗಟ್ಟಿತ್ತು. ತಟ್ಟೆ ಅರ್ಧ ಇಳಿಯುವಷ್ಟರಲ್ಲಿ ಸಂಪು ಗುಡುಗಿತು. ಬೆಂಕಿ ಕಂಬದಂತೆ ಎದ್ದಿತು.

ಅವರ ಮುಖ, ಎರಡೂ ಕೈಗಳು ಸುಟ್ಟವು. ಪಕ್ಕದಲ್ಲಿದ್ದ ಚಿಕ್ಕಮುನಿಯಮ್ಮನವರ ಸೆರಗಿಗೆ ಹತ್ತಿದ ಬೆಂಕಿಯನ್ನು ಟ್ಯಾಂಕರಿನ ಚಾಲಕ ನಂದೀಶ್ ಪೈಪು ಎಳೆದು ಆರಿಸಿದರು.

ಮುನಿಗಂಗಪ್ಪನವರು ನವೆಂಬರ್ ೨೯ರಂದು ಆಸ್ಪತ್ರೆಯಿಂದ ಮನೆಗೆ ಬಂದರು. ಬಲಗೈಯ ಮೂರು ಬೆರಳು ಮಡಚುವುದಿಲ್ಲವಾದ್ದರಿಂದ ಕರಣೆ ಬಿಟ್ಟು ಉಸ್ತುವಾರಿ ನೋಡಿಕೊಳ್ಳುತ್ತಿದ್ದಾರೆ. ೨೦೨೫ರ ಫೆಬ್ರವರಿಯಲ್ಲಿ ಆ ಮನೆಯ ಗೃಹಪ್ರವೇಶವಾಯಿತು. ಚಿಕ್ಕಮುನಿಯಮ್ಮ ಈಗ ಸಂಪು ತುಂಬಿದ ಮೇಲೆ, ಬೀದಿಯ ನಲ್ಲಿಯ ಪಕ್ಕದಲ್ಲಿ ಗಂಗಮ್ಮನಿಗೆ ಕರ್ಪೂರ ಹಚ್ಚುತ್ತಾರೆ.